14 ವರ್ಷ ಬಿಟ್ಟು ಮತ್ತೆ ಬೈಕ್ ಹತ್ತಬೇಕು, ಹಳೇ ಕಾಲದ ಲುಕ್ ಇರೋದೇ ಬೇಕು: 350 ಸಾಕಾ, ಸೀದಾ 650ಗೇ ಹೋಗ್ಲಾ?

ಮತ್ತೆ_ಸವಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನಗೀಗ 47. ಕಾಲೇಜಿಂದ ಹಿಡಿದು 33ನೇ ವಯಸ್ಸಿನ ತನಕ ದಿನಾ ಬೈಕೇ. ಕಲಿತಿದ್ದು ಅಪ್ಪನ ಹಳೇ ಬುಲೆಟ್ಟಲ್ಲಿ, ಬಲಗಾಲಲ್ಲಿ ಗೇರ್ ಎಡಗಾಲಲ್ಲಿ ಬ್ರೇಕ್ ಇರೋದು. ಆಮೇಲೆ ನಂದೇ ಒಂದು 150 ಸಿಸಿ ಗಾಡಿ, ಅದನ್ನ ಒಂಬತ್ತು ವರ್ಷ ಓಡಿಸ್ದೆ. ಮಗಳು ಹುಟ್ಟಿದ್ಮೇಲೆ ಕಾರ್ ಬಂತು, ಬೈಕ್ ಮೂಲೆ ಸೇರ್ತು, ಬ್ಯಾಟರಿ ಸತ್ತೋಯ್ತು, ಒಂದಿನ ಯಾರೋ ಕೇಳಿದ್ರು ಅಂತ ಕೊಟ್ಬಿಟ್ಟೆ. ಅವತ್ತು ಏನೂ ಅನ್ಸಿರ್ಲಿಲ್ಲ.

ಹೋದ ತಿಂಗಳು ಫ್ರೆಂಡ್ ಒಬ್ರು ಹೊಸ ಟ್ವಿನ್, ಅಂದ್ರೆ ಎರಡು ಸಿಲಿಂಡರಿನ ಗಾಡಿ, ತಗೊಂಡು ಮನೆಗೆ ಬಂದಿದ್ರು. ಸ್ಟ್ಯಾಂಡ್ ಹಾಕಿ ಒಳಗೆ ಹೋದ್ರು, ನಾನು ಹೊರಗೇ ನಿಂತ್ಕೊಂಡೆ. ಇಂಜಿನ್ ತಣ್ಣಗಾಗ್ತಾ ಟಿಕ್ ಟಿಕ್ ಅಂತ ಸದ್ದು ಬರುತ್ತಲ್ಲ, ಆ ಸದ್ದು, ಆ ದುಂಡು ಹೆಡ್‌ಲೈಟ್, ಟ್ಯಾಂಕ್ ಮೇಲೆ ಕೈ ಇಟ್ರೆ ಪೇಂಟ್ ಇನ್ನೂ ಬೆಚ್ಚಗೆ. ಅವತ್ತಿಂದ ತಲೇಲಿ ಇದೇ ಓಡ್ತಿದೆ. ಇಂಜಿನ್ ಕಣ್ಣಿಗೆ ಕಾಣ್ಬೇಕು, ಟ್ಯಾಂಕ್ ಟ್ಯಾಂಕ್ ತರ ಇರ್ಬೇಕು, ಮೀಟರ್ ದುಂಡಗಿರ್ಬೇಕು. ಚೂಪು ಮೂತಿಯ ಪ್ಲಾಸ್ಟಿಕ್ ಗಾಡಿಗಳು ಚೆನ್ನಾಗೇ ಇರ್ಬೋದು, ನನ್ ಮನಸ್ಸಿಗೆ ಹತ್ತಲ್ಲ.

ಲಿಸ್ಟ್ ಇದು: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹೋಂಡಾ ಸಿಬಿ350 (ಕೆಲವು ಕಡೆ ಇದನ್ನೇ ಜಿಬಿ350 ಅಂತಾರೆ), ಟ್ರಯಂಫ್ ಸ್ಪೀಡ್ 400, ಇಂಟರ್‌ಸೆಪ್ಟರ್ 650. ಕನಸಲ್ಲಿ ಬರೋದು ಟ್ರಯಂಫ್ ಬಾನೆವಿಲ್ ಟಿ100. ಈ ಕೊನೆಯ ಎರಡು ಟ್ವಿನ್, ಉಳಿದವು ಒಂದೇ ಸಿಲಿಂಡರಿನ ಸಿಂಗಲ್. ನಿಜ ಹೇಳ್ಬೇಕಂದ್ರೆ ಮನಸ್ಸು ಟ್ವಿನ್ ಮೇಲೇ ಇದೆ.

ನನ್ ಎತ್ತರ 5 ಅಡಿ 5 ಇಂಚು, ತೂಕ 70 ಕೆಜಿ. ಎಡ ಮಂಡಿ ಆರು ವರ್ಷದ ಹಿಂದೆ ಲಿಗಮೆಂಟ್ ಹರಿದಿತ್ತು, ಈಗ ನಡೆಯೋಕೆ ತೊಂದ್ರೆ ಇಲ್ಲ, ಆದ್ರೆ ಒಂದೇ ಕಾಲ ಮೇಲೆ ಭಾರ ಬಿಟ್ರೆ ಒಂಚೂರು ನಡುಗುತ್ತೆ. ಓಡಿಸೋದು ಬೆಳಗ್ಗೆ ಬೇಗ ಒಬ್ನೇ ಒಂದೆರಡು ಗಂಟೆ, ರಜಾ ದಿನ ಹೆಂಡ್ತಿ ಜೊತೆ. ಸ್ಪೀಡ್ ಹುಚ್ಚು ಯಾವತ್ತೂ ಇರ್ಲಿಲ್ಲ, ಈಗ್ಲೂ ಇಲ್ಲ.

ಪ್ರಶ್ನೆ ಎರಡು. ಮೊದಲು 350 ತಗೊಂಡು ಆಮೇಲೆ ದೊಡ್ಡದಕ್ಕೆ ಹೋಗೋದಾ, ಅಥವಾ ಒಂದೇ ಸಲ 650 ತಗೊಳ್ಳೋದಾ? ಇನ್ನೊಂದು, ಹಳೇ ಲುಕ್ಕೇ ಬೇಕು ಅಂದ್ರೆ ನಿಜವಾದ ಹಳೇ ಗಾಡೀನೇ ರೆಡಿ ಮಾಡಿಸ್ಕೊಂಡ್ರೆ ಹೇಗೆ? ಅಪ್ಪನ ಬುಲೆಟ್ ತರದ್ದೇ ಒಂದು ಮಾರೋಕಿದೆ, ದಿನಾ ಹೋಗಿ ನೋಡ್ಕೊಂಡ್ ಬರ್ತಿದೀನಿ.

ಗ್ಯಾರೇಜ್_ಕೈ

ಸರ್, ನಾನು ಗ್ಯಾರೇಜ್ ಕೆಲಸದವನು, 20 ವರ್ಷದ ಮೇಲಾಯ್ತು. ನಿಮ್ ತರ ತುಂಬಾ ವರ್ಷ ಬಿಟ್ಟು ಮತ್ತೆ ಶುರು ಮಾಡಿರೋರು ತರೋ ಗಾಡೀಲಿ ಡ್ಯಾಮೇಜ್ ಎಲ್ಲಿರುತ್ತೆ ಗೊತ್ತಾ? ಕ್ಲಚ್ ಲಿವರ್ ತುದಿ ಮುರಿದಿರುತ್ತೆ, ಹ್ಯಾಂಡಲ್ ತುದಿ ಉಜ್ಜಿರುತ್ತೆ, ಇಂಡಿಕೇಟರ್ ಹೋಗಿರುತ್ತೆ, ಸೈಲೆನ್ಸರ್ ಪಕ್ಕ ಒಂದು ಗೀರು. ಇಷ್ಟೇ. ಇದು ನಿಂತ ಜಾಗದಲ್ಲೇ ಬಿದ್ದ ಗಾಡಿ. ಸ್ಪೀಡಲ್ಲಿ ಬಿದ್ದಿದ್ರೆ ಫೋರ್ಕ್ ಸೊಟ್ಟ ಆಗಿರುತ್ತೆ, ರಿಮ್ ಹೋಗಿರುತ್ತೆ, ನೋಡಿದ್ ತಕ್ಷಣ ಗೊತ್ತಾಗುತ್ತೆ. ಅದಕ್ಕೆ ನಾನು ಯಾರಿಗೇ ಆಗ್ಲಿ ಹೇಳೋದು, ಗಾಡಿ 80ರಲ್ಲಿ ಹೇಗಿದೆ ಅನ್ನೋದು ಆಮೇಲೆ ನೋಡಿ, ಸೊನ್ನೆಯಿಂದ ಹತ್ತರ ಒಳಗೆ ಹೇಗಿದೆ ಅಂತ ಮೊದ್ಲು ನೋಡಿ.

ನಿಮ್ ಲಿಸ್ಟಲ್ಲಿರೋ ಗಾಡಿಗಳ ಸೀಟ್ ಎತ್ತರ ನೋಡಿ, ಸ್ಪೀಡ್ 400 ಮತ್ತೆ ಟಿ100 790 ಮಿ.ಮೀ., ಸಿಬಿ350 800, ಕ್ಲಾಸಿಕ್ಕು ಇಂಟರ್‌ಸೆಪ್ಟರ್ರು 805ರ ಹತ್ರ. ಎಲ್ಲಾ ಸೇರಿ ಹೆಬ್ಬೆರಳಗಲದ ವ್ಯತ್ಯಾಸ ಇಲ್ಲ. ಈಗ ತೂಕ ನೋಡಿ. ಸ್ಪೀಡ್ 400 ಸುಮಾರು 175 ಕೆಜಿ, ಸಿಬಿ350 180ರ ಆಸುಪಾಸು, ಕ್ಲಾಸಿಕ್ 195, ಇಂಟರ್‌ಸೆಪ್ಟರ್ 217ರ ಆಸುಪಾಸು, ಟಿ100 228. ಮೇಲೆ ಕೆಳಗೆ 50 ಕೆಜಿ ವ್ಯತ್ಯಾಸ, ಒಂದು ಸಿಮೆಂಟ್ ಮೂಟೆ. ರೆಟ್ರೋ ಗಾಡಿ ನೋಡೋಕೆ ಸಾಧು, ಸಪೂರ, ತಗ್ಗು, ಆದ್ರೆ ಟ್ಯಾಂಕು ಕಬ್ಬಿಣ, ಕ್ಲಾಸಿಕ್ ತರದ್ರಲ್ಲಿ ಮಡ್‌ಗಾರ್ಡೂ ಕಬ್ಬಿಣ, ಕ್ರೋಮ್ ಪೈಪು, ಹಿಂದೆ ಎರಡೆರಡು ಶಾಕ್. ತೂಕ ಕಣ್ಣಿಗೆ ಕಾಣಲ್ಲ, ಕೈಗೆ ಸಿಗುತ್ತೆ. ಟ್ಯಾಂಕ್ ಫುಲ್ ಮಾಡಿಸಿದ್ರೆ 13 ಲೀಟರ್ ಪೆಟ್ರೋಲ್ ಅಂದ್ರೆ ಹತ್ತು ಕೆಜಿ, ಅದು ಕೂತಿರೋದು ಗಾಡಿಯ ತಲೆ ಮೇಲೆ. ಶೋರೂಮ್ ಗಾಡೀಲಿ ಪೆಟ್ರೋಲ್ ತಳದಲ್ಲಿರುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸೀಟ್ ಎತ್ತರದ ನಂಬರ್ ಒಂದನ್ನೇ ನಂಬಿ ಹೋಗ್ಬೇಡಿ. ಸೀಟ್ ಮುಂದಿನ ಭಾಗ ಅಗಲ ಇದ್ರೆ ತೊಡೆ ಅಗಲ ಆಗಿ ಕಾಲು ಗಿಡ್ಡ ಆಗುತ್ತೆ, 790 ಇರೋ ಗಾಡೀಲಿ ಬೆರಳ ತುದಿ ತಾಕುತ್ತೆ, 805 ಇರೋದ್ರಲ್ಲಿ ಅಂಗಾಲು ಪೂರ್ತಿ ಊರ್ಬೋದು. ನೀವು ಓಡಿಸುವಾಗ ಹಾಕೋ ಶೂ ಹಾಕ್ಕೊಂಡೇ ಹೋಗಿ ಕೂತು ನೋಡಿ.

ಟೆಸ್ಟ್ ರೈಡ್ ಕೊಡೋದಕ್ಕೆ ಮುಂಚೆ ಇಂಜಿನ್ ಆಫ್ ಇರುವಾಗ್ಲೇ ಒಂದ್ ಕೆಲ್ಸ ಮಾಡಿ. ಸೈಡ್ ಸ್ಟ್ಯಾಂಡ್ ಇಂದ ನೆಟ್ಟಗೆ ಎತ್ತಿ, ಕೂತ್ಕೊಂಡು ಹಿಂದಕ್ಕೆ ಹತ್ತು ಅಡಿ ತಳ್ಳಿ. ಆಮೇಲೆ ಇಳಿದು ಎಡಗಡೆ ನಿಂತು ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿ ತಳ್ಕೊಂಡು ಒಂದು ಸುತ್ತು ಹಾಕಿ. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಗಾಡಿ ನಿಮ್ಮಿಂದ ಆ ಕಡೆ ವಾಲುತ್ತೆ, ಅಲ್ಲಿ ಹಿಡ್ಕೊಳ್ಳೋಕೆ ಆಗುತ್ತಾ ಇಲ್ವಾ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ.

ಮಂಡಿ ವಿಷಯ ಹೇಳಿದ್ದು ಒಳ್ಳೇದಾಯ್ತು. ಸಿಗ್ನಲಲ್ಲಿ ನಿಲ್ಲುವಾಗ ಎಲ್ರೂ ಊರೋದು ಎಡಗಾಲೇ, ಬಲಗಾಲು ಹಿಂದಿನ ಬ್ರೇಕ್ ಮೇಲಿರುತ್ತೆ. ನೀವು ಎಡಮಂಡಿ ಉಳಿಸೋಕೆ ಬಲಗಾಲು ಊರಿದ್ರೆ ಹಿಂದಿನ ಬ್ರೇಕ್ ಇಲ್ಲ, ಏರಲ್ಲಿ ಪೂರ್ತಿ ಮುಂದಿನ ಬ್ರೇಕ್ ಹಿಡಿದೇ ಮೂವ್ ಮಾಡ್ಬೇಕಾಗುತ್ತೆ. ಎರಡೂ ಕಾಲು ಚೆನ್ನಾಗಿ ಊರೋಕಾಗೋ ಗಾಡೀನೇ ನಿಮಗೆ ಬೇಕು.

ಇನ್ನೊಂದು, ಚಕ್ರ. ಕಡ್ಡಿ ಚಕ್ರ ನೋಡೋಕೆ ಚೆಂದ, ಸಾಮಾನ್ಯವಾಗಿ ಒಳಗೆ ಟ್ಯೂಬ್ ಇರುತ್ತೆ. ಟ್ಯೂಬ್ ಪಂಕ್ಚರ್ ಆದ್ರೆ ಗಾಳಿ ಒಮ್ಮೆಲೇ ಹೋಗ್ಬೋದು, ಚಕ್ರ ಬಿಚ್ಚದೆ ರಿಪೇರಿ ಇಲ್ಲ. ಅಲಾಯ್ ಜೊತೆ ಟ್ಯೂಬ್‌ಲೆಸ್ ಇದ್ರೆ ಮೊಳೆ ಚುಚ್ಚಿದ್ರೂ ಮೆಲ್ಲಗೆ ಇಳಿಯುತ್ತೆ, ಅಲ್ಲೇ ರಬ್ಬರ್ ಬತ್ತಿ ತುರುಕಿ ಗಾಳಿ ತುಂಬಿ ಮನೆ ಸೇರ್ಬೋದು. ಬೆಳಗ್ಗೆ ಆರಕ್ಕೆ ಒಬ್ರೇ ಹೋಗ್ತೀರಾ ಅಂದ್ರಿ, ಅದಕ್ಕೆ ಹೇಳ್ದೆ.

ಬೆಳಗಿನ_ರಸ್ತೆ

ಸರ್, ನಾನೂ ಬಿಟ್ಟು ಮತ್ತೆ ಶುರು ಮಾಡ್ದೋಳು. 11 ವರ್ಷ ಗ್ಯಾಪ್ ಇತ್ತು, ಎರಡು ಮಕ್ಕಳು ಸ್ಕೂಲಿಗೆ ಸೇರಿದ್ಮೇಲೆ ಮತ್ತೆ ಹತ್ತಿದ್ದು. ಮೇಲಿನವರು ಹೇಳಿರೋದು ಅಕ್ಷರಶಃ ನನಗಾಗಿದೆ.

ನಾನು ಸೀದಾ ದೊಡ್ಡ ಟ್ವಿನ್ನೇ ತಗೊಂಡೆ. ಮೊದಲ ಎರಡು ವಾರ ಸ್ವರ್ಗ. ಮೂರನೇ ವಾರ ಒಂದು ಗೇಟ್ ಮುಂದೆ ಯು ಟರ್ನ್ ಹೊಡೀತಿದ್ದೆ, ನಡಿಗೆ ಸ್ಪೀಡು, ಹ್ಯಾಂಡಲ್ ಪೂರ್ತಿ ತಿರುಗಿತ್ತು, ಒಂದು ನಾಯಿ ಅಡ್ಡ ಬಂತು, ಕೈ ತಾನಾಗೇ ಮುಂದಿನ ಬ್ರೇಕ್ ಹಿಡೀತು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದ್ರೆ ಗಾಡಿ ಆ ಕಡೆಗೇ ಮಲಗುತ್ತೆ. ಕಾಲು ಊರಿದೆ, ಎರಡು ಸೆಕೆಂಡ್ ಹಿಡಿದೆ, ಆ ಭಾರ ಒಂದೊಂದೇ ಇಂಚು ಕೆಳಗೆ ಹೋಗೋದು ತೊಡೇಲಿ ಗೊತ್ತಾಗ್ತಿತ್ತು, ತಡಿಯೋಕೆ ಆಗ್ಲಿಲ್ಲ. ಬಿಟ್ಬಿಟ್ಟೆ. ಪೆಟ್ರೋಲ್ ವಾಸನೆ, ಇಂಜಿನ್ ಆಫ್, ಸುತ್ತ ಯಾರೂ ಇಲ್ಲ. ಆಮೇಲೆ ಆರು ತಿಂಗಳು ಆ ಗಾಡಿ ಮನೇಲೇ ಇತ್ತು, ಅದನ್ನ ಈಚೆ ತೆಗೆಯೋದು ನೆನೆಸ್ಕೊಂಡ್ರೇ ಹೊಟ್ಟೇಲಿ ಒಂಥರಾ ಆಗ್ತಿತ್ತು. ರೋಡಲ್ಲಿ ಓಡಿಸೋಕೆ ಭಯ ಇರ್ಲಿಲ್ಲ ಸರ್, ಗೇಟಿಂದ ಈಚೆ ತರೋದಕ್ಕೆ ಭಯ ಇತ್ತು. ಕೊನೆಗೆ ಅದನ್ನ ಕೊಟ್ಟು 180 ಕೆಜಿದು ಒಂದು ತಗೊಂಡೆ, ಈಗ ವಾರಕ್ಕೆ ನಾಲ್ಕು ದಿನ ಓಡಿಸ್ತೀನಿ.

ಬಿದ್ದ ಗಾಡಿ ಎತ್ತೋದನ್ನ ಮೊದಲೇ ಕಲೀರಿ, ಯಾರಾದ್ರೂ ಪಕ್ಕದಲ್ಲಿರುವಾಗ. ಸ್ವಿಚ್ ಆಫ್ ಮಾಡಿ, ಮೊದಲನೇ ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ರೆ ಎತ್ತೋಕೆ ಮುಂಚೆನೇ ಸೈಡ್ ಸ್ಟ್ಯಾಂಡ್ ಇಳಿಸಿಟ್ಬಿಡಿ, ಇಲ್ಲಾಂದ್ರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತೆ. ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ಸೊಂಟದ ಕೆಳಗಿನ ಭಾಗ ಸೀಟಿಗೆ ಒತ್ತಿ, ಒಂದು ಕೈ ನೆಲಕ್ಕೆ ತಾಕಿರೋ ಹ್ಯಾಂಡಲ್ ಹಿಡಿ, ಇನ್ನೊಂದು ಕೈ ಹಿಂದಿನ ಫ್ರೇಮ್. ಬೆನ್ನು ನೆಟ್ಟಗೆ ಇಟ್ಕೊಂಡು ಹೆಜ್ಜೆ ಹೆಜ್ಜೆ ಹಿಂದಕ್ಕೆ ನಡೀಬೇಕು, ಬಲ ಎಲ್ಲಾ ಕಾಲಿಂದ ಬರ್ಬೇಕು. ನಿಮ್ ಮಂಡಿಗೆ ಇದು ಆಗುತ್ತಾ ಅಂತ ಡಾಕ್ಟರ್ ಹತ್ರ ಒಂದ್ ಮಾತು ಕೇಳಿ.

ಕೈ ಮರೆಯಲ್ಲ ಅಂತಾರೆ ಎಲ್ರೂ. ನಿಜ, ಕ್ಲಚ್ ಬಿಡೋದು ಗೇರ್ ಹಾಕೋದು ಹತ್ತು ನಿಮಿಷದಲ್ಲಿ ಬಂತು. ಕಣ್ಣು ಮರೆತಿತ್ತು. ಎದುರಿಗೆ ಬರೋ ಕಾರಿನವನು ಈಗ ತಿರುಗಿಸ್ತಾನೆ ಅಂತ ಅವನ ಮುಂದಿನ ಚಕ್ರ ನೋಡಿ ಹೇಳ್ತಿದ್ದೆ ಮೊದ್ಲು, ಅದು ಹೋಗಿತ್ತು. 60ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ ಹತ್ತಿರತ್ರ 17 ಮೀಟರ್ ಹೋಗ್ತೀವಿ, ಗಮನಿಸಿ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂದ್ರೂ 25 ಮೀಟರ್ ಬ್ರೇಕೇ ಇಲ್ಲದೆ ಹೋಯ್ತು, ಅದಾದ್ಮೇಲೆ ನಿಲ್ಲೋಕೆ ಒಣ ರೋಡಲ್ಲೂ ಇನ್ನೊಂದು 20 ಮೀಟರ್ ಬೇಕು. ಕಾರಲ್ಲಿ ಕೂತು ಕೂತು ನಮಗೆ ಇದು ಮರೆತೋಗಿರುತ್ತೆ. ಒಂದು ದಿನದ ಟ್ರೇನಿಂಗ್ ಸಿಕ್ರೆ ದಯವಿಟ್ಟು ಹೋಗಿ, ನಾನು ಬಿದ್ದ ಮೇಲೆ ಹೋದೆ, ಮುಂಚೆನೇ ಹೋಗ್ಬೇಕಿತ್ತು.

ಟ್ವಿನ್_ಪ್ರೀತಿ

ಮೇಲೆ ಇಬ್ರೂ ಹೇಳಿರೋದಕ್ಕೆ ಗೌರವ ಇದೆ, ಆದ್ರೆ ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ ಅಣ್ಣ.

ನಿಮ್ ಪೋಸ್ಟಲ್ಲೇ ಉತ್ತರ ಇದೆ, ಮನಸ್ಸು ಟ್ವಿನ್ ಮೇಲಿದೆ ಅಂದ್ರಿ. ನಾನು 44ಕ್ಕೆ ವಾಪಸ್ ಬಂದೋನು, ಎಲ್ರೂ ಹೇಳಿದ್ರು ಅಂತ 350 ಸಿಂಗಲ್ ತಗೊಂಡೆ, ಒಳ್ಳೇ ಗಾಡಿ, ಒಂದು ತಪ್ಪಿಲ್ಲ, ಆದ್ರೆ ಪ್ರತೀ ಸಲ ಕೀ ಹಾಕುವಾಗ ಇದಲ್ಲ ನಾನು ಕೇಳಿದ್ದು ಅನ್ಸೋದು. ಎಂಟು ತಿಂಗಳಿಗೆ ಕೊಟ್ಟು ಇಂಟರ್‌ಸೆಪ್ಟರ್ ತಂದೆ. ಎರಡು ಸಲ ರಿಜಿಸ್ಟ್ರೇಷನ್, ಎರಡು ಸಲ ಇನ್ಶೂರೆನ್ಸ್, ಮಾರುವಾಗ ಲಾಸ್ ಬೇರೆ.

650 ಅಂದ್ರೆ ರಾಕ್ಷಸ ಅಂತ ಅಂದ್ಕೋಬೇಡಿ. 648 ಸಿಸಿ, 47 ಎಚ್‌ಪಿ, 52 ನ್ಯೂಟನ್ ಮೀಟರ್ ಟಾರ್ಕ್ (ಎಳೆಯೋ ಬಲ), ಅದೂ ಮೆತ್ತಗೆ ಬರುತ್ತೆ. ಕ್ಲಚ್ ಹಗುರ ಮಾಡೋ ಸ್ಲಿಪ್ ಅಸಿಸ್ಟ್ ಇದೆ, ಎರಡು ಬೆರಳಲ್ಲಿ ಹಿಡೀಬೋದು, ನಿಮ್ ಹಳೇ ಬುಲೆಟ್ ಕ್ಲಚ್ಚಿಗೆ ಹೋಲಿಸಿದ್ರೆ ಬೆಣ್ಣೆ. ಟ್ರಾಫಿಕ್ಕಲ್ಲಿ ದೊಡ್ಡ ಸಿಂಗಲ್ ಇಂಜಿನ್ನು ಮೆಲ್ಲಗೆ ತಿರುಗುವಾಗ, ಅಂದ್ರೆ ತಗ್ಗು ಆರ್‌ಪಿಎಮ್‌ನಲ್ಲಿ ಜಗ್ಗುತ್ತೆ, ಟ್ವಿನ್ ಅಷ್ಟು ಜಗ್ಗಲ್ಲ, ಸ್ವಲ್ಪ ರೇಸ್ ಹಿಡಿದು ಕ್ಲಚ್ ಅರ್ಧ ಬಿಟ್ಟು ನಡಿಗೆ ಸ್ಪೀಡಲ್ಲಿ ನೆಟ್ಟಗೆ ಹೋಗುತ್ತೆ. ಹೆಂಡ್ತಿ ಜೊತೆ ಏರು ಹತ್ತುವಾಗ ಗೇರ್ ಇಳಿಸೋ ಕೆಲಸ ಕಮ್ಮಿ.

ಮತ್ತೆ ಆ ಸದ್ದು. ಹಳೇ ಬ್ರಿಟಿಷ್ ಟ್ವಿನ್ನುಗಳಲ್ಲಿ ಹೆಚ್ಚಿನವು 360 ಡಿಗ್ರಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸೋ ದಂಡ), ಎರಡು ಪಿಸ್ಟನ್ನೂ ಒಟ್ಟಿಗೆ ಮೇಲೆ ಒಟ್ಟಿಗೆ ಕೆಳಗೆ, ಉರಿಯೋದು ಮಾತ್ರ ಒಂದಾದ್ಮೇಲೆ ಒಂದು, ಸಮ ಸಮ ತಾಳ. ಕವಾಸಾಕಿ ಡಬ್ಲ್ಯೂ800 ಇವತ್ತಿಗೂ ಹಾಗೇ. ಇಂಟರ್‌ಸೆಪ್ಟರ್ರು, 2016ರಿಂದ ಈಚಿನ ಬಾನೆವಿಲ್ಲುಗಳು 270 ಡಿಗ್ರಿ, ಒಂದು ಉರಿದು 270 ಡಿಗ್ರಿಗೆ ಇನ್ನೊಂದು, ಆಮೇಲೆ 450 ಡಿಗ್ರಿ ಬಿಟ್ಟು ಮತ್ತೆ, ಅದಕ್ಕೇ ಆ ದಡ್-ದಡ್... ದಡ್-ದಡ್ ಅನ್ನೋ ಕುಂಟು ತಾಳ ಬರೋದು. ಟಿ100 ಬಗ್ಗೆ ಒಂದು ಖುಷಿ ವಿಷಯ, ಅದು ವಾಟರ್ ಕೂಲ್ಡ್, ಆದ್ರೂ ಸಿಲಿಂಡರಿಗೆ ರೆಕ್ಕೆ ಬಿಟ್ಟಿದಾರೆ, ಪೆಟ್ರೋಲ್ ಇಂಜೆಕ್ಷನ್ನಿನ ಥ್ರಾಟಲ್ ಬಾಡಿಗೆ ಹಳೇ ಕಾರ್ಬ್ಯುರೇಟರ್ ಆಕಾರ ಕೊಟ್ಟಿದಾರೆ. ಅಷ್ಟು ಆಸೆಯಿಂದ ಮಾಡಿರೋ ಗಾಡಿಗಳಿವು.

ತೂಕ ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತೆ ಅನ್ನೋದು ನನ್ ಅನುಭವ. ಆದ್ರೆ ನನ್ ಮಂಡಿ ಗಟ್ಟಿ ಇದೆ, ನಾನು 5 ಅಡಿ 10 ಇಂಚು, ಅದನ್ನೂ ಹೇಳ್ಲೇಬೇಕು.

ತಂದೆಯ_ಗಾಡಿ

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನು ಕೊಡ್ತೀನಿ, ಯಾಕಂದ್ರೆ ನನ್ ಹತ್ರ ಇರೋದು ಅದೇ, ಬಲಗಾಲ ಗೇರಿನ ಬುಲೆಟ್, ನಮ್ ತಂದೆಯವರದ್ದು.

ಈಗ ತಗೋಬೇಡಿ. ಒಂದ್ ವರ್ಷ ಕಾಯಿರಿ.

ನೀವು ಕಲಿತಿದ್ದು ಅದ್ರಲ್ಲಿ, ಆಮೇಲೆ ಒಂಬತ್ತು ವರ್ಷ ಎಡಗಾಲ ಗೇರಿನ ಗಾಡಿ, ಆಮೇಲೆ 14 ವರ್ಷ ಕಾರು. ನಿಮ್ ಕಾಲಲ್ಲಿ ಈಗ ಎರಡು ಪಾಠ ಒಂದರ ಮೇಲೊಂದು ಕೂತಿದೆ. ಆರಾಮಾಗಿ ಹೋಗುವಾಗ ಯಾವ ತೊಂದ್ರೆನೂ ಇಲ್ಲ, ಯೋಚ್ನೆ ಮಾಡಿ ಒತ್ತುತೀರ. ಮಗು ಅಡ್ಡ ಬಂದ ದಿನ ಯೋಚ್ನೆಗೆ ಟೈಮ್ ಇರಲ್ಲ. ನಾನು ಆಫೀಸಿಗೆ ಬೇರೆ ಗಾಡಿ ಓಡಿಸ್ತೀನಿ, ಭಾನುವಾರ ಬುಲೆಟ್. ಒಂದ್ಸಲ ಮುಂದಿನ ಲಾರಿ ಗಕ್ಕಂತ ನಿಂತಾಗ ಬಲಗಾಲು ಜೋರಾಗಿ ಒತ್ತಿದೆ, ಬ್ರೇಕ್ ಬೀಳ್ಲಿಲ್ಲ, ಗೇರ್ ಬದಲಾಯ್ತು. ಪಕ್ಕಕ್ಕೆ ಜಾಗ ಇತ್ತು, ತಪ್ಪಿಸ್ಕೊಂಡೆ. ಅವತ್ತಿಂದ ಬುಲೆಟ್ ಹತ್ತಿದ್ರೆ ಮೊದಲ ಹತ್ತು ನಿಮಿಷ ಖಾಲಿ ಜಾಗದಲ್ಲಿ ಬರೀ ಬ್ರೇಕ್ ಹೊಡೀತೀನಿ, ಎಡಗಾಲಿಗೆ ನೆನಪು ಮಾಡ್ಕೊಡೋಕೆ.

ಜೊತೆಗೆ ಎರಡೂ ಕಡೆ ಡ್ರಮ್ ಬ್ರೇಕ್, ಇಳಿಜಾರಲ್ಲಿ ಹಿಡ್ಕೊಂಡೇ ಬಂದ್ರೆ ಬಿಸಿಯಾಗಿ ಹಿಡಿತ ಕಮ್ಮಿಯಾಗುತ್ತೆ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ ಇಲ್ಲ. ಕಿಡಿ ಕೊಡೋಕೆ ಹಳೇ ಪಾಯಿಂಟ್ ಇಗ್ನಿಷನ್, ಪಾಯಿಂಟಿನ ಗ್ಯಾಪ್ ಆಗಾಗ ನೋಡ್ಬೇಕು. ಎಥನಾಲ್ ಬೆರೆಸಿರೋ ಪೆಟ್ರೋಲು ಹಳೇ ರಬ್ಬರ್ ಪೈಪು ವಾಷರುಗಳನ್ನ ತಿನ್ನುತ್ತೆ, ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಕಾರ್ಬ್ಯುರೇಟರಲ್ಲಿ ಅಂಟಂಟು. ಕಿಕ್ ಹೊಡೆಯೋಕೆ ಭಾರ ಪೂರ್ತಿ ನಿಂತಿರೋ ಕಾಲ ಮೇಲೆ ಬರುತ್ತೆ, ಅದು ನಿಮ್ ಎಡ ಮಂಡಿ.

ಆ ಗಾಡಿ ಮೇಲಿನ ಪ್ರೀತಿ ನನಗೆ ಅರ್ಥ ಆಗುತ್ತೆ. ನಾನೂ ಅದರ ಟೂಲ್ ಬಾಕ್ಸ್ ತೆಗೆದಾಗೆಲ್ಲಾ ಅಪ್ಪ ಹಾಳೆ ಮಡಿಚಿ ಇಟ್ಟಿದ್ದ ಸ್ಪಾರ್ಕ್ ಪ್ಲಗ್ ಅಲ್ಲೇ ಇದೆಯಾ ಅಂತ ನೋಡ್ತೀನಿ. ಅದಕ್ಕೇ ಹೇಳ್ತಿರೋದು, ಆ ಗಾಡಿ ಎರಡನೇ ಗಾಡಿ ಆಗಿ ಬರ್ಲಿ.

ಮತ್ತೆ_ಸವಾರಿ

ಇಷ್ಟು ಮನಸ್ಸಿಟ್ಟು ಬರ್ದಿದೀರ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಓಡಾಡಿ ನೋಡ್ಕೊಂಡ್ ಬಂದೆ, ಅದನ್ನ ಹೇಳ್ಲೇಬೇಕು.

ಮೊದ್ಲು ಇಂಟರ್‌ಸೆಪ್ಟರ್. ಓಡಿಸೋಕೆ ಕೊಟ್ರು. ಟ್ವಿನ್_ಪ್ರೀತಿ ಅವರು ಹೇಳಿದ್ದು ಒಂದಕ್ಷರ ಸುಳ್ಳಿಲ್ಲ, ಎರಡನೇ ಗೇರಲ್ಲಿ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದ್ರೆ ಯಾರೋ ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ತಳ್ಳಿದ ಹಾಗೆ. ಹೆಲ್ಮೆಟ್ ಒಳಗೇ ನಗು ಬಂತು. 14 ವರ್ಷ ಇದನ್ನ ಬಿಟ್ಟು ಹೇಗಿದ್ದೆ ಅಂತ ನಿಜವಾಗ್ಲೂ ಅನ್ಸ್ತು.

ವಾಪಸ್ ಬಂದು ನಿಲ್ಲಿಸಿದ ಜಾಗ ಸ್ವಲ್ಪ ಇಳಿಜಾರು, ಮುಂದಿನ ಚಕ್ರ ಗೋಡೆ ಕಡೆ. ಗ್ಯಾರೇಜ್_ಕೈ ಅವರ ಮಾತು ನೆನಪಾಗಿ ಕೂತ್ಕೊಂಡೇ ಹಿಂದಕ್ಕೆ ತಳ್ಳೋಕೆ ನೋಡ್ದೆ. ಅರ್ಧ ಅಡಿ ಬಂತು, ನಿಂತೋಯ್ತು. ಮತ್ತೆ ಒತ್ತಿದೆ, ಬಲಗಾಲಲ್ಲಿ ಬಲ ಇತ್ತು, ಎಡಗಾಲಿನ ಅಂಗಾಲು ನೆಲದಲ್ಲಿ ಜಾರ್ತು, ಮಂಡಿ ಒಳಗಡೆ ಆ ಹಳೇ ಜಾಗದಲ್ಲಿ ಚುಳ್ ಅಂತು. ಗಾಡಿ ಎಡಕ್ಕೆ ಒಂದೆರಡು ಇಂಚು ವಾಲ್ತು. ಅಲ್ಲಿದ್ದ ಹುಡುಗ ಬಂದು ಹಿಡ್ಕೊಂಡ. ಮನೇಲಿ ಆ ಹುಡುಗ ಇರಲ್ಲ.

ಆಮೇಲೆ ಕ್ಲಾಸಿಕ್ 350, ಸ್ಪೀಡ್ 400, ಸಿಬಿ350 ಮೂರನ್ನೂ ನೋಡ್ದೆ. ಕ್ಲಾಸಿಕ್ ಸದ್ದು, ಕೂರೋ ಭಂಗಿ ಅಪ್ಪನ ಗಾಡಿಗೆ ತುಂಬಾ ಹತ್ರ, ಆದ್ರೆ ನಡುಕ ಅದ್ರ ಕಾಲು ಭಾಗ ಕೂಡ ಇಲ್ಲ, ಈಗಿನ ಇಂಜಿನ್ನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇದೆ ಅಂತ ಹೇಳಿದ್ರು. ಹಿಂದಕ್ಕೆ ತಳ್ಳೋಕೆ ಆಯ್ತು, ಸ್ವಲ್ಪ ಕಷ್ಟ ಪಟ್ಟೆ. ಸ್ಪೀಡ್ 400 ಹಗುರ, ಆಟದ ಸಾಮಾನಿನ ಹಾಗೆ ತಿರುಗುತ್ತೆ, 40 ಎಚ್‌ಪಿ, ಆದ್ರೆ ಅದು ಮೇಲೆ ಮೇಲೆ ಆರ್‌ಪಿಎಮ್ ಕೇಳುತ್ತೆ, ಫುಟ್‌ರೆಸ್ಟ್ ಸ್ವಲ್ಪ ಹಿಂದಿದೆ, ಇಪ್ಪತ್ತು ನಿಮಿಷಕ್ಕೆ ಮಂಡಿ ಮಡಚಿ ಮಡಚಿ ಸೋಲೋಕೆ ಶುರು ಆಯ್ತು. ಸಿಬಿ350ಲ್ಲಿ ಎರಡೂ ಅಂಗಾಲು ಪೂರ್ತಿ ಅಲ್ದಿದ್ರೂ ಮುಕ್ಕಾಲು ಊರ್ತು, ಅದೇ ಇಳಿಜಾರಲ್ಲಿ ಹಿಂದಕ್ಕೆ ತಳ್ಳೋಕೂ ಆಯ್ತು, ಮೂರು ಸಾವಿರ ಆರ್‌ಪಿಎಮ್‌ಗೇ 30 ನ್ಯೂಟನ್ ಮೀಟರ್ ಸಿಗುತ್ತೆ, ನಾಲ್ಕನೇ ಗೇರಲ್ಲಿ ಹಾಕಿ ಮರೆತ್ಬಿಡ್ಬೋದು. ಹಿಂದೆ ಹೆಂಡ್ತೀನೂ ಕೂರಿಸ್ಕೊಂಡು ನೋಡ್ದೆ, ಅವಳು ಹೇಳಿದ್ದು ಒಂದೇ ಮಾತು, ಇದ್ರಲ್ಲಿ ನಿಲ್ಲಿಸುವಾಗ ನಿಮ್ ಭುಜ ಗಟ್ಟಿ ಆಗ್ಲಿಲ್ಲ ಅಂತ.

ಸಿಬಿ350 ಬುಕ್ ಮಾಡಿದೀನಿ. ಅಲಾಯ್ ಚಕ್ರ, ಟ್ಯೂಬ್‌ಲೆಸ್.

ಇನ್ನೊಂದು ಚಿಕ್ಕ ಪ್ರಶ್ನೆ. ಅಟ್ಟದ ಮೇಲೆ ನನ್ ಹಳೇ ಹೆಲ್ಮೆಟ್ ಸಿಕ್ತು, ಒಂದು ಸಲಾನೂ ಬಿದ್ದಿಲ್ಲ, ಹೊರಗಡೆ ಹೊಸದರ ಹಾಗಿದೆ. ಒಳಗೆ ಕೈ ಹಾಕಿದ್ರೆ ಸ್ಪಂಜು ಕಪ್ಪು ಪುಡಿ ಪುಡಿಯಾಗಿ ಬೆರಳಿಗೆ ಅಂಟ್ತು. ಲೈನಿಂಗ್ ಬದಲಾಯಿಸಿದ್ರೆ ಸಾಕಾ?

ಗ್ಯಾರೇಜ್_ಕೈ

ಸಾಕಾಗಲ್ಲ ಸರ್. ಸಾಮಾನ್ಯವಾಗಿ ಕಂಪನಿಗಳೇ ಐದು ವರ್ಷದ ಆಸುಪಾಸಲ್ಲಿ ಬದಲಾಯಿಸಿ ಅಂತಾರೆ, ನಿಮ್ದು 14 ದಾಟಿದೆ. ಏಟು ತಡೆಯೋದು ಹೊರಗಿನ ಚಿಪ್ಪು ಒಂದೇ ಅಲ್ಲ, ಒಳಗಿರೋ ಗಟ್ಟಿ ಥರ್ಮೋಕೋಲ್ ಪದರ, ಅದು ಬೆವರು ಬಿಸಿಲು ಕುಡಿದು ಎಷ್ಟು ಉಳ್ಕೊಂಡಿದೆ ಅಂತ ಕಣ್ಣಲ್ಲಿ ಗೊತ್ತಾಗಲ್ಲ. ಬಕಲ್ ಪಟ್ಟಿ ಕತ್ತರಿಸಿ ಬಿಸಾಕಿ, ಇನ್ಯಾರೂ ಎತ್ತಿ ಹಾಕ್ಕೊಳ್ಬಾರ್ದು. ಹೊಸದು ತಗೊಳ್ಳುವಾಗ ಅಂಗಡೀಲೇ ಹತ್ತು ನಿಮಿಷ ಹಾಕ್ಕೊಂಡು ಕೂತಿರಿ, ಹಣೆ ಮೇಲೆ ಒಂದೇ ಕಡೆ ಒತ್ತಿದ್ರೆ ಬೇಡ, ಕೆನ್ನೆ ಬಿಗಿ ಇದ್ರೆ ಪರವಾಗಿಲ್ಲ, ಅದು ಕೂರುತ್ತೆ. ಹೆಂಡ್ತಿಯವರಿಗೂ ಅಷ್ಟೇ ಒಳ್ಳೇದು ತಗೊಳ್ಳಿ.

ಗಾಡಿ ಬಂದ ದಿನ ಟೈರ್ ಗಾಳಿ ನೀವೇ ಚೆಕ್ ಮಾಡಿ, ಟೈರ್ ತಣ್ಣಗಿರುವಾಗ, ಮ್ಯಾನುವಲ್ಲಲ್ಲಿ ಒಬ್ರಿಗೆ ಎಷ್ಟು ಇಬ್ರಿಗೆ ಎಷ್ಟು ಅಂತ ಇರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅದನ್ನೂ ನೋಡ್ಕೊಳ್ಳಿ. ಹೊಸ ಟೈರ್ ಜಾರುತ್ತೆ, ಮೊದಲ ನೂರೈವತ್ತು ಕಿಲೋಮೀಟರ್ ಜಾಸ್ತಿ ವಾಲಿಸ್ಬೇಡಿ. ಆಮೇಲೆ ಇಳಿಜಾರಲ್ಲಿ ನಿಲ್ಲಿಸೋದಾದ್ರೆ ಯಾವತ್ತೂ ಮೂತಿ ಮೇಲಕ್ಕೆ, ಫಸ್ಟ್ ಗೇರಲ್ಲಿ.

ಬೆಳಗಿನ_ರಸ್ತೆ

ತುಂಬಾ ಖುಷಿಯಾಯ್ತು ಸರ್. ಮೊದಲ ದಿನ ದೂರ ಹೋಗ್ಬೇಡಿ. ಖಾಲಿ ಜಾಗದಲ್ಲಿ ಅರ್ಧ ಗಂಟೆ ಎಂಟರ ಆಕಾರ ಹಾಕಿ, ನೋಟ ಚಕ್ರದ ಮುಂದೆ ಇರ್ಬಾರ್ದು, ಎಲ್ಲಿಗೆ ಹೋಗ್ಬೇಕೋ ಅಲ್ಲಿರ್ಲಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಬೇಡಿ, ಹಿಂದಿನದ್ದೇ ಮೆಲ್ಲಗೆ. ಆಮೇಲೆ 40ರಲ್ಲಿ ಬಂದು ನೆಟ್ಟಗಿರುವಾಗ ಎರಡೂ ಬ್ರೇಕ್ ಗಟ್ಟಿ ಹಿಡಿದು ಎಬಿಎಸ್ ಕೆಲಸ ಮಾಡೋದು ಲಿವರಲ್ಲಿ ಟಕ ಟಕ ಅಂತ ಹೇಗೆ ಬರುತ್ತೆ ಅಂತ ಒಂದ್ಸಲ ಅನುಭವ ತಗೊಳ್ಳಿ. ನಾನು ಮೊದಲನೇ ಸಲ ಹೆದರಿ ಬ್ರೇಕ್ ಬಿಟ್ಟಿದ್ದೆ, ಬಿಡ್ಬಾರ್ದು.

ಟ್ವಿನ್_ಪ್ರೀತಿ

ಒಳ್ಳೇ ಆಯ್ಕೆ ಅಣ್ಣ, ನಿಮ್ ಪೋಸ್ಟ್ ಓದಿದ್ಮೇಲೆ ನಾನೂ ಅದನ್ನೇ ಹೇಳ್ತಿದ್ದೆ. ನಾನು ಆ ಗಾಡಿ ಹಿಂದಕ್ಕೆ ತಳ್ಳೋದು ಯೋಚ್ನೆ ಮಾಡಿ ಬರ್ದಿರ್ಲಿಲ್ಲ, ನಮ್ ಮನೆ ಮುಂದೆ ಸಮ ನೆಲ. ಫೋಟೋ ಹಾಕಿ, ಯಾವ ಕಲರ್?

ಮತ್ತೆ_ಸವಾರಿ

ಇವತ್ತು ಬೆಳಗ್ಗೆ ಐದೂವರೆಗೆ ಗಾಡಿ ಈಚೆ ತಂದೆ. ಹೆಲ್ಮೆಟ್ ಕತ್ತರಿಸಿ ಬಿಸಾಕ್ದೆ, ಹೊಸದು ಎರಡು ತಂದಿದೀನಿ. ಸ್ಕೂಲ್ ಮೈದಾನದ ಪಕ್ಕದ ಖಾಲಿ ಜಾಗದಲ್ಲಿ ಎಂಟು ಹಾಕ್ದೆ, ಮೊದಲು ಅಗಲ, ಆಮೇಲೆ ಸಣ್ಣದು, 40ರಿಂದ ಬ್ರೇಕ್ ಆರು ಸಲ. ಮೂರನೇ ಸಲದ ತನಕ ಬಲಗಾಲು ಒಂದು ಕ್ಷಣ ತಡವರಿಸ್ತಿತ್ತು, ತಂದೆಯ_ಗಾಡಿ ಅವರು ಹೇಳಿದ ಹಾಗೇನೇ, ಅಪ್ಪನ ಬುಲೆಟ್ ಇನ್ನೂ ಕಾಲಲ್ಲಿದೆ. ಮಂಡಿ ಆರಾಮಾಗಿದೆ. ಕಲರ್ ಕಪ್ಪು. ವಾಪಸ್ ಬಂದು ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಟಿಕ್ ಟಿಕ್ ಅಂತ ಶುರುವಾಯ್ತು. ಮಗಳು ಎದ್ದು ಬಂದು ಏನಪ್ಪಾ ಅದು ಸದ್ದು ಅಂದ್ಲು, ಪಕ್ಕ ಕೂರಿಸ್ಕೊಂಡೆ, ಇಬ್ರೂ ಅದು ನಿಲ್ಲೋ ತನಕ ಕೇಳಿದ್ವಿ.